ಕ್ರಿಮಿನಾಲಜಿ ಓದಿಗೆ ಎಷ್ಟು ಸಾಲ ಮಾಡಬಹುದು?

ಓದುಗರ ಪತ್ರ: ನಾವು ಅಮೆರಿಕದಲ್ಲಿ ನೆಲೆಸಿದವರು. ಮಗಳು ಇಲ್ಲೇ ಹುಟ್ಟಿದವಳು, ಹೈಸ್ಕೂಲ್ ಮುಗಿಸುತ್ತಿದ್ದಾಳೆ. ಕ್ರಿಮಿನಾಲಜಿಯನ್ನೇ (ಅಪರಾಧಶಾಸ್ತ್ರ) ಓದಬೇಕು ಅಂತ ಹಟ. ಹೆಸರುವಾಸಿ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ನಾಲ್ಕು ವರ್ಷಕ್ಕೆ 90,000 ಡಾಲರ್ ಸಾಲ ಬೇಕು. ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಾದರೆ 27,000 ಸಾಕು. ಯಾವುದು ಸರಿ? ಇಷ್ಟೆಲ್ಲ ಓದಿ ಪೊಲೀಸ್ ಆಗೋದಾ ಅಂತ ನಮ್ಮ ಯಜಮಾನರಿಗೆ ಬೇರೆ ಬೇಸರ.

ಸಂಪಾದಕರ ಉತ್ತರ: ಮೊದಲು ಯಜಮಾನರ ಬೇಸರದ ವಿಷಯ. ಅಮೆರಿಕದ ಕಾರ್ಮಿಕ ಇಲಾಖೆಯ 2024ರ ಲೆಕ್ಕದಂತೆ ಪೊಲೀಸ್ ಮತ್ತು ಡಿಟೆಕ್ಟಿವ್‌ಗಳ ನಡುಮಟ್ಟದ ಸಂಬಳ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಉಳಿದರ್ಧಕ್ಕೆ ಕಡಿಮೆ) ವರ್ಷಕ್ಕೆ 77,000 ಡಾಲರ್ ದಾಟುತ್ತದೆ. ಜೈಲಿಗೆ ಕಳಿಸದೆ ಹೊರಗಿಟ್ಟ ಅಪರಾಧಿಗಳ ಮೇಲೆ ಕಣ್ಣಿಡುವ ಪ್ರೊಬೇಷನ್ ಆಫೀಸರ್‌ಗಳದ್ದು 64,000ದ ಆಸುಪಾಸು. ಬೇಸರಪಡುವಂಥದ್ದೇನೂ ಇಲ್ಲ. ಆದರೆ ಇದರಲ್ಲಿ ಇಪ್ಪತ್ತು ವರ್ಷ ದುಡಿದವರೂ ಸೇರಿದ್ದಾರೆ. ನಿಮ್ಮ ಮಗಳ ಮೊದಲ ವರ್ಷದ ಸಂಬಳ ಇದಕ್ಕಿಂತ ಕಡಿಮೆಯೇ ಇರುತ್ತದೆ ಅಂದುಕೊಂಡು ಲೆಕ್ಕ ಹಾಕಿ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಸರ್ಕಾರಿ ಯೂನಿವರ್ಸಿಟಿ. ಯಾಕೆಂದರೆ ಈ ಓದಿನವರಿಗೆ ಕೆಲಸ ಕೊಡುವವರು ಹೆಚ್ಚಾಗಿ ಸರ್ಕಾರದವರು. ನಗರದ ಪೊಲೀಸ್, ಕೌಂಟಿ ಶೆರಿಫ್, ರಾಜ್ಯದ ಜೈಲು, ಕೋರ್ಟು. ಅಲ್ಲಿ ಸಂಬಳದ ಶ್ರೇಣಿ ಮೊದಲೇ ಗೊತ್ತು ಮಾಡಿರುತ್ತದೆ. ಡಿಗ್ರಿಗೆ ನೀವು ಕಟ್ಟಿದ ಫೀಸು ಎಷ್ಟು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ದುಬಾರಿ ಕಾಲೇಜಿನವಳಿಗೂ ಸರ್ಕಾರಿ ಯೂನಿವರ್ಸಿಟಿಯವಳಿಗೂ ಅದೇ ಸಂಬಳ. ಎಷ್ಟೋ ಪೊಲೀಸ್ ಇಲಾಖೆಗಳಲ್ಲಿ ಹೈಸ್ಕೂಲ್ ಮುಗಿಸಿದವರನ್ನೂ ತೆಗೆದುಕೊಂಡು, ತರಬೇತಿಯ ಕಾಲದಲ್ಲೇ ಸಂಬಳ ಕೊಡುತ್ತಾರೆ. ಹಾಗಂತ ಡಿಗ್ರಿ ದಂಡ ಅಲ್ಲ. ಪ್ರೊಬೇಷನ್ ಕೆಲಸಕ್ಕೆ, ಕೇಂದ್ರ ಸರ್ಕಾರದ ತನಿಖಾ ಕೆಲಸಗಳಿಗೆ ಅದು ಬೇಕಾಗುತ್ತದೆ.

ಈಗ ಸಾಲ. ನೀವು ಹೇಳಿದ 27,000 ಬಹುಶಃ ಮಗಳ ಹೆಸರಿನಲ್ಲಿ ಸಿಗುವ ಫೆಡರಲ್ (ಕೇಂದ್ರ ಸರ್ಕಾರದ) ಸಾಲ. ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500, ಕೂಡಿಸಿದರೆ ಸರಿಯಾಗಿ ಅಷ್ಟೇ. 2025-26ರಲ್ಲಿ ಇದರ ಬಡ್ಡಿ ಶೇ. 6.39. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 305 ಡಾಲರ್ ಹತ್ತಿರ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಇದನ್ನು ತಾನೇ ಕಟ್ಟಬಲ್ಲಳು.

ಖಾಸಗಿ ಕಾಲೇಜಾದರೆ 90,000ದಲ್ಲಿ ಉಳಿದ 63,000 ಎಲ್ಲಿಂದ? ಅದು ನಿಮ್ಮ ತಲೆ ಮೇಲೆ ಬರುತ್ತದೆ. ಮಕ್ಕಳ ಓದಿಗೆ ಅಪ್ಪ-ಅಮ್ಮ ಪಡೆಯುವ ಫೆಡರಲ್ ಸಾಲ, ಅಂದರೆ ಪೇರೆಂಟ್ ಪ್ಲಸ್ ಸಾಲದ ಬಡ್ಡಿ ಅದೇ ವರ್ಷಕ್ಕೆ ಶೇ. 8.94. ಹತ್ತು ವರ್ಷಕ್ಕೆ ಹಿಡಿದರೆ ತಿಂಗಳಿಗೆ ಸುಮಾರು 800 ಡಾಲರ್, ಅದೂ ಅವಳು ಓದುತ್ತಿರುವಾಗ ಬೆಳೆಯುವ ಬಡ್ಡಿ ಬಿಟ್ಟು. ಪತ್ರದಲ್ಲಿ ನೀವು ಮಗಳ ಓದಿನ ಬಗ್ಗೆ ಯೋಚಿಸಿದ್ದೀರಿ, ನಿಮ್ಮ ನಿವೃತ್ತಿಯ ಬಗ್ಗೆ ಒಂದು ಸಾಲೂ ಇಲ್ಲ! ಇನ್ನು 2026ರ ಜುಲೈನಿಂದ ಈ ಸಾಲಕ್ಕೆ ಮಿತಿ ಬರುತ್ತದೆ: ವರ್ಷಕ್ಕೆ 20,000, ಒಂದು ಮಗುವಿಗೆ ಒಟ್ಟು 65,000. ನಿಮ್ಮ ಲೆಕ್ಕ ಆ ಅಂಚಿಗೇ ಬಂದು ನಿಂತಿದೆ. ಫೀಸು ಸ್ವಲ್ಪ ಏರಿದರೂ ಖಾಸಗಿ ಬ್ಯಾಂಕಿನ ಬಾಗಿಲು ತಟ್ಟಬೇಕು.

"ಸರ್ಕಾರಿ ಕೆಲಸಕ್ಕೆ ಸೇರಿದರೆ ಸಾಲ ಮನ್ನಾ ಆಗುತ್ತಂತೆ" ಅಂತ ಯಾರಾದರೂ ಹೇಳಿಯೇ ಇರುತ್ತಾರೆ. 2007ರ ಕಾನೂನಿನಲ್ಲಿ ಅಂಥ ಯೋಜನೆ ಇರುವುದು ನಿಜ. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ದುಡಿಯುತ್ತ 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ. ಆದರೆ 27,000ದ ಸಾಲ ಅಷ್ಟರಲ್ಲಿ ಬಹುಪಾಲು ತೀರಿರುತ್ತದೆ. ನಿಮ್ಮ ಹೆಸರಿನ ಸಾಲಕ್ಕೋ, ಮಗಳ ಸರ್ಕಾರಿ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಒಂದು ಕಾಲದಲ್ಲಿ ಇಂಥ ಮನ್ನಾ ಇದಕ್ಕಿಂತ ಉದಾರವಾಗಿತ್ತು. 1968ರ ಕಾನೂನಿನಡಿ ಓದಿಗೆ ಸಾಲ ಪಡೆದು ಪೊಲೀಸ್ ಕೆಲಸ ಮಾಡಿದವರಿಗೆ ವರ್ಷಕ್ಕೆ ಕಾಲು ಭಾಗದಂತೆ ಮನ್ನಾ ಆಗುತ್ತಿತ್ತು. ಕ್ರಿಮಿನಾಲಜಿಯಂಥ ವಿಭಾಗಗಳು ಅಮೆರಿಕದ ತುಂಬ ಹಬ್ಬಿದ್ದು ಹೆಚ್ಚಾಗಿ ಆ ದುಡ್ಡಿನಿಂದ. ಆ ಯೋಜನೆ ನಿಂತು ಎಷ್ಟೋ ಕಾಲವಾಯಿತು.

ಮಗಳ ಹತ್ತಿರ ಒಂದು ವಿಷಯ ಕೇಳಿ. ಅವಳ ಮನಸ್ಸಿನಲ್ಲಿರುವುದು ರಕ್ತದ ಕಲೆ, ಡಿಎನ್‌ಎ, ಲ್ಯಾಬ್‌ನ ಕೆಲಸವಾ? ಟೀವಿ ನೋಡಿ ಬೆಳೆದ ಮಕ್ಕಳಿಗೆ ಸಾಮಾನ್ಯವಾಗಿ ಅದೇ ಆಸೆ. ಹಾಗಿದ್ದರೆ ಕ್ರಿಮಿನಾಲಜಿ ಆ ದಾರಿಯಲ್ಲ. ಇದು ಅಪರಾಧ ಯಾಕೆ ನಡೆಯುತ್ತದೆ, ಸಮಾಜ ಏನು ಮಾಡಬೇಕು ಎಂದು ಕೇಳುವ ಓದು. ಲ್ಯಾಬ್‌ಗೆ ಕೆಮಿಸ್ಟ್ರಿ, ಬಯಾಲಜಿ ಬೇಕು. ಸಂಶೋಧನೆಯೇ ಗುರಿ ಅಂದರೆ ಮುಂದೆ ಎಂ.ಎ., ಪಿಎಚ್.ಡಿ. ಆಗಬೇಕು. ಅದಕ್ಕಾಗಿ ಈಗಲೇ ಸಾಲ ಹಗುರವಾಗಿರಲಿ.

ಎಫ್‌ಬಿಐ ಕನಸೇನಾದರೂ ಇದ್ದರೆ ಅವಳಿಗೆ ಇದನ್ನು ಓದಿ ಹೇಳಿ. ಫೆಡರಲ್ ವಿದ್ಯಾರ್ಥಿ ಸಾಲ ಕಟ್ಟದೆ ಸುಸ್ತಿದಾರರಾದವರನ್ನು ಅವರು ಕೆಲಸಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಏಜೆಂಟ್ ಆಗಲು ಡಿಗ್ರಿ ಬೇಕು, ಆದರೆ ಅದು ಕ್ರಿಮಿನಾಲಜಿಯೇ ಆಗಬೇಕಿಲ್ಲ. 23 ತುಂಬಿರಬೇಕು, ಬೇರೆ ಕಡೆ ಕೆಲಸ ಮಾಡಿದ ಅನುಭವವೂ ಇರಬೇಕು.

ಇಷ್ಟಾದರೂ ಮಗಳ ಮನಸ್ಸು ಆ ಖಾಸಗಿ ಕಾಲೇಜಿನ ಮೇಲೇ ಇದ್ದರೆ, ಇಲ್ಲ ಅನ್ನುವ ಮೊದಲು ಅವರ ಆರ್ಥಿಕ ನೆರವಿನ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ಸರ್ಕಾರಿ ಯೂನಿವರ್ಸಿಟಿಯ ಲೆಕ್ಕವನ್ನೂ ಜೊತೆಗಿಡಿ. ಹಿಂದಿರುಗಿಸಬೇಕಿಲ್ಲದ ಗ್ರಾಂಟ್ ಇನ್ನಷ್ಟು ಕೊಡಲಾಗುತ್ತದೆಯೇ ಎಂದು ಕೇಳಿ. ಕೇಳಿದರೆ ಸೀಟೇನೂ ಹೋಗುವುದಿಲ್ಲ. ಸಾಲ 30,000ದ ಒಳಗೆ ಬಂದರೆ ಅಲ್ಲಿಗೇ ಕಳಿಸಿ, ನನ್ನ ತಕರಾರಿಲ್ಲ.