ಸ್ಪ್ಯಾನಿಶ್‌ಗೆ ವ್ಯಾಕರಣ ಓದಲೇಬೇಕಾ, ದಿನಬಳಕೆಯ ವಾಕ್ಯ ಬಾಯಿಪಾಠ ಮಾಡಿದರೆ ಸಾಕಾ?

ನಾಲ್ಕು ತಿಂಗಳಲ್ಲಿ ಮ್ಯಾಡ್ರಿಡ್‌ಗೆ ಹೊರಡಬೇಕು, ಅಂಗಡಿ, ಹೋಟೆಲ್, ಬಾಡಿಗೆ ಮನೆ ಅಂತ ಸಂದರ್ಭಕ್ಕೆ ತಕ್ಕ 200 ವಾಕ್ಯ ಬರೆದಿಟ್ಟುಕೊಂಡಿದ್ದೀನಿ, ವ್ಯಾಕರಣ ಆಮೇಲೆ ನೋಡಿಕೊಂಡರೆ ಆಗಲ್ವಾ ಅಂತ ಕೇಳಿದ್ದೀರಿ. ಓದಿದ ತಕ್ಷಣ ನನ್ನ ಹಳೇ ನೋಟ್‌ಬುಕ್ ಕಣ್ಣ ಮುಂದೆ ಬಂತು. ನನ್ನದರಲ್ಲಿ 180 ವಾಕ್ಯ ಇದ್ದವು. ಅದರಲ್ಲಿ ಒಂದರಿಂದ ನಾನು ಒಳ್ಳೆಯ ರೂಮೊಂದನ್ನು ಕಳೆದುಕೊಂಡೆ.

ಮ್ಯಾಡ್ರಿಡ್‌ಗೆ ಹೋದ ನಾಲ್ಕನೇ ದಿನ ಆ ರೂಮು ನೋಡಿದ್ದು. ಮೆಟ್ರೋ ಐದು ನಿಮಿಷದ ದಾರಿ, ಕಿಟಕಿ ತೆರೆದರೆ ಒಳಗಿನ ಅಂಗಳ. ತಿಂಗಳಿಗೆ 420 ಯೂರೋ, ಜೊತೆಗೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್. ಅಲ್ಲಿ ಅದಕ್ಕೆ ಫಿಯಾನ್ಸಾ ಅಂತಾರೆ. ಮನೆಯೊಡತಿಗೆ ಅರವತ್ತು ದಾಟಿರಬೇಕು, ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಸೆ ಕೆದಾ ಕೊನ್ ಲಾ ಅಬಿತಾಸಿಯೋನ್?" ಅಂದರೆ, "ರೂಮು ಇಟ್ಟುಕೊಳ್ತೀರಾ?" ನಮ್ಮಲ್ಲಿ "ತಗೋತೀರಾ" ಅನ್ನೋ ಜಾಗದಲ್ಲಿ ಸ್ಪೇನ್‌ನವರು ಹೀಗೆ ಕೇಳುತ್ತಾರೆ. ನಾಳೆ ಹೇಳ್ತೀನಿ ಅಂದು ಬಂದೆ. ಆ ವಾಕ್ಯ ಕಿವಿಗೆ ಎಷ್ಟು ಹಿಡಿಸಿತ್ತೆಂದರೆ, ರಾತ್ರಿಯೇ ನೋಟ್‌ಬುಕ್ಕಿಗೆ ಸೇರಿಸಿದೆ: ಸಂದರ್ಭ, ಬಾಡಿಗೆ ಮನೆ.

ಬೆಳಿಗ್ಗೆ ಎದ್ದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ: "ನೊ ಆಯ್ ಪ್ರೊಬ್ಲೆಮಾ. ಸೆ ಕೆದಾ ಕೊನ್ ಲಾ ಅಬಿತಾಸಿಯೋನ್. ಮುಚಾಸ್ ಗ್ರಾಸಿಯಾಸ್." ಅವರು ಕೇಳಿದ ಮಾತನ್ನೇ ಪ್ರಶ್ನೆ ಚಿಹ್ನೆ ತೆಗೆದು ವಾಪಸ್ ಕೊಟ್ಟರೆ ಒಪ್ಪಿದ ಹಾಗೆ ಅಂತ ನಾನಂದುಕೊಂಡಿದ್ದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಬಾಲೆ, ಗ್ರಾಸಿಯಾಸ್ ಪೊರ್ ಅಬಿಸಾರ್." ಸರಿ, ತಿಳಿಸಿದ್ದಕ್ಕೆ ಥ್ಯಾಂಕ್ಸ್. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆವತ್ತೇ ಹೋಗಿ ಹೊಸ ದಿಂಬು ತಂದೆ.

ಶನಿವಾರ ಸೂಟ್‌ಕೇಸ್ ಎಳೆದುಕೊಂಡು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆಗೆದದ್ದು ಇನ್ಯಾರೋ ಹುಡುಗಿ. ರೂಮು ಅವಳಿಗೆ ಕೊಟ್ಟು ಎರಡು ದಿನ ಆಗಿತ್ತು.

ಈಗ ನಾನು ಬರೆದದ್ದನ್ನು ಕನ್ನಡದಲ್ಲಿ ಓದಿ ನೋಡಿ. ಅವರು ಕೇಳಿದ್ದು "ರೂಮು ಇಟ್ಟುಕೊಳ್ತೀರಾ?" ನಾನು ಬರೆದದ್ದು "ಪರವಾಗಿಲ್ಲ. ರೂಮು ಇಟ್ಟುಕೊಳ್ತೀರಿ. ತುಂಬಾ ಥ್ಯಾಂಕ್ಸ್." ಬರೆಯಬೇಕಾಗಿದ್ದದ್ದು "ಇಟ್ಟುಕೊಳ್ತೀನಿ." ಅಂದರೆ "ಮೆ ಕೆದೊ ಕೊನ್ ಲಾ ಅಬಿತಾಸಿಯೋನ್." ಸೆ ಇದ್ದ ಕಡೆ ಮೆ, ಕೆದಾ ಇದ್ದ ಕಡೆ ಕೆದೊ. ತಪ್ಪಿದ್ದು ಎರಡು ಅಕ್ಷರ, ಅಷ್ಟೇ. ಆದರೆ ಆ ಎರಡು ಅಕ್ಷರದಲ್ಲೇ "ಯಾರು" ಅನ್ನೋದು ಇತ್ತು. ಅವರು ಅದನ್ನು "ಬೇಡ ಬಿಡಿ, ರೂಮು ನಿಮ್ಮ ಹತ್ತಿರಾನೇ ಇರಲಿ" ಅಂತ ಓದಿಕೊಂಡರು. ಅವರದ್ದೇನೂ ತಪ್ಪಿಲ್ಲ. ಆ ಜಾಗದಲ್ಲಿ ನಾನಿದ್ದರೂ ಹಾಗೇ ಓದುತ್ತಿದ್ದೆ.

ಇನ್ನೂ ಒಂದು ಮಾತಿದೆ, ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಸ್ಪ್ಯಾನಿಶ್‌ನಲ್ಲೂ ನೀನು, ನೀವು ಇವೆ: ತೂ ಮತ್ತು ಉಸ್ತೇದ್. ನಮ್ಮ "ನೀವು"ಗೆ ಬಹುವಚನದ ರೂಪ ಬರುತ್ತದೆ. ಅವರ ಉಸ್ತೇದ್‌ಗೆ ಬರುವುದು "ಅವನು, ಅವಳು"ಗೆ ಬರುವ ರೂಪ. ಹಾಗಾಗಿ "ಸೆ ಕೆದಾ" ಅಂದರೆ ಅವನು ಇಟ್ಟುಕೊಳ್ತಾನೆ, ಅವಳು ಇಟ್ಟುಕೊಳ್ತಾಳೆ, ನೀವು ಇಟ್ಟುಕೊಳ್ತೀರಿ, ಮೂರೂ ಆಗುತ್ತದೆ. "ನಾನು" ಮಾತ್ರ ಆಗಲ್ಲ. ಅಂಗಡಿಯವರು, ಮನೆಯೊಡೆಯರು, ಕೌಂಟರ್‌ನಲ್ಲಿ ಕೂತವರು ನಿಮ್ಮನ್ನು ಮರ್ಯಾದೆಯಿಂದ ಮಾತಾಡಿಸಿದಷ್ಟೂ ಈ ರೂಪವೇ ಕಿವಿಗೆ ಬೀಳುತ್ತದೆ. ಕೇಳಿದ್ದನ್ನೇ ಕಲಿತರೆ ಬಾಯಿಗೂ ಅದೇ ಬರುತ್ತದೆ.

ಆಮೇಲೆ 19 ದಿನ ಹಾಸ್ಟೆಲ್‌ನಲ್ಲಿ ಕಳೆದೆ, ಎಂಟು ಜನರ ರೂಮು. ಅಲ್ಲೇ ಮೇಲಿನ ಮಂಚದಲ್ಲಿ ಕೂತು ನೋಟ್‌ಬುಕ್ ಮೊದಲಿಂದ ಬರೆದೆ.

ಅದಕ್ಕೇ ಹೇಳ್ತೀನಿ, "ವ್ಯಾಕರಣವಾ, ದಿನಬಳಕೆಯಾ" ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಎರಡೂ ಬೇರೆ ಬೇರೆ ಅಲ್ಲ. ಕ್ರಿಯಾಪದದ ಆರು ರೂಪ ಗೋಡೆಗೆ ಅಂಟಿಸಿಕೊಂಡು ಉರು ಹೊಡೆದರೂ ಪ್ರಯೋಜನ ಕಮ್ಮಿ. ಬರೀ ವಾಕ್ಯ ಉರು ಹೊಡೆದರೆ ನನ್ನ ಗತಿ. ಪ್ರಶ್ನೆ ಉತ್ತರ ಜೋಡಿಯಾಗಿ ಕಲಿಯಿರಿ. ಎದುರಿನವರ ಬಾಯಲ್ಲಿದ್ದ ಮಾತು ನಿಮ್ಮ ಬಾಯಿಗೆ ಬರುವಾಗ ಎಲ್ಲಿ ತಿರುಗುತ್ತದೆ ಅನ್ನೋದೇ ನಿಮಗೆ ಈಗ ಬೇಕಾದ ವ್ಯಾಕರಣ.

ಮಾರ್ಕೆಟ್ ನೋಡಿ. ಹಣ್ಣಿನ ಅಂಗಡಿಯಲ್ಲಿ ನಿಮ್ಮ ಸರದಿ ಬಂದಾಗ ಕೇಳುತ್ತಾರೆ: "ಕೆ ಲೆ ಪೊಂಗೊ?" ಪದಕ್ಕೆ ಪದ ಹೇಳಿದರೆ "ನಿಮಗೆ ಏನು ಹಾಕ್ಲಿ?" ನಮ್ಮವರು ಕೇಳೋದೂ ಹಾಗೇ ಅಲ್ವಾ? ಉತ್ತರ: "ಮೆ ಪೊನೆ ಉನ್ ಕಿಲೊ ದೆ ತೊಮಾತೆಸ್?" ನನಗೆ ಒಂದು ಕಿಲೋ ಟೊಮೇಟೊ ಹಾಕ್ತೀರಾ? ನಿಮಗೆ ಅನ್ನೋ ಲೆ, ನನಗೆ ಅನ್ನೋ ಮೆ ಆಯಿತು. ಹಾಕ್ಲಿ ಅನ್ನೋ ಪೊಂಗೊ, ಹಾಕ್ತೀರಾ ಅನ್ನೋ ಪೊನೆ ಆಯಿತು. ಇದೊಂದು ಜೋಡಿ ನಾಲಿಗೆಗೆ ಬಂದರೆ ಬಾರ್‌ನಲ್ಲಿ ಕಾಫಿ, ಬೇಕರಿಯಲ್ಲಿ ಬ್ರೆಡ್ಡು, ಎಲ್ಲಾ ಕಡೆ ನಡೆಯುತ್ತದೆ. (ಅಲ್ಲಿ "ಕ್ವಾರ್ತೊ ಇ ಮಿತಾದ್" ಅಂತ ಕೇಳಿಸಿದರೆ ಗಾಬರಿಯಾಗಬೇಡಿ. ಕಾಲು ಕಿಲೋ, ಅದರ ಮೇಲೆ ಕಾಲು ಕಿಲೋದ ಅರ್ಧ. 375 ಗ್ರಾಂ.)

ಇನ್ನೊಂದು ವಿಷಯ ನಾನು ಗಟ್ಟಿಯಾಗಿ ಹೇಳ್ತೀನಿ: ಇಂಗ್ಲಿಷ್ ಮೂಲಕ ಕಲಿಯಬೇಡಿ. ಪುಸ್ತಕ ಇಂಗ್ಲಿಷ್‌ನಲ್ಲೇ ಇರಲಿ, ಪಕ್ಕದಲ್ಲಿ ಅರ್ಥ ಮಾತ್ರ ಕನ್ನಡದಲ್ಲಿ ಬರೆಯಿರಿ. "ಆಬ್ಲೊ, ಆಬ್ಲಾಸ್, ಆಬ್ಲಾ" ಅನ್ನೋದು "ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾನೆ" ಇದ್ದ ಹಾಗೇ. ನಾವೂ "ನಾನು" ಅಂತ ಪ್ರತಿ ಸಲ ಹೇಳಲ್ಲ, ಕೊನೆಯಲ್ಲೇ ಗೊತ್ತಾಗುತ್ತದೆ. "ಮೆ ಗುಸ್ತಾ ಎಸ್ತಾ ಕಾಸಾ" ಅಂದರೆ "ನನಗೆ ಈ ಮನೆ ಹಿಡಿಸುತ್ತೆ." ಇಂಗ್ಲಿಷ್‌ನಿಂದ ಬಂದರೆ ಇದು ತಲೆಕೆಳಗು, ಕನ್ನಡದಿಂದ ಬಂದರೆ ನೇರ. ಫಾರ್ಮಸಿಯಲ್ಲಿ "ಮೆ ದುವೆಲೆ ಲಾ ಕಬೆಸಾ" ಅಂದರೆ ನನಗೆ ತಲೆ ನೋಯ್ತಿದೆ, "ಮೆ ದುವೆಲೆನ್ ಲೋಸ್ ಪಿಯೆಸ್" ಅಂದರೆ ನನಗೆ ಪಾದಗಳು ನೋಯ್ತಿವೆ. ನೋಯ್ತಿದೆ, ನೋಯ್ತಿವೆ. ಕ್ರಿಯಾಪದ ನೋಯುವ ಅಂಗದ ಹಿಂದೆ ಹೋಗುತ್ತದೆ, ನಮ್ಮ ಹಾಗೇ.

ಸೆರ್, ಎಸ್ತಾರ್ ಬಗ್ಗೆಯೂ ಕೇಳಿದ್ದೀರಿ. "ಆಗಿರು", "ಇರು" ಅನ್ನೋಕೆ ಸ್ಪ್ಯಾನಿಶ್‌ನಲ್ಲಿರುವ ಎರಡು ಕ್ರಿಯಾಪದ ಇವು. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಅನ್ನೋ ಸೂತ್ರವನ್ನು ದಯವಿಟ್ಟು ಬಿಟ್ಟುಬಿಡಿ. ಸತ್ತವರಿಗೂ ಸ್ಪ್ಯಾನಿಶ್‌ನಲ್ಲಿ "ಎಸ್ತಾ ಮುಯೆರ್ತೊ" ಅಂತಾನೇ ಹೇಳುತ್ತಾರೆ. ಮ್ಯಾಡ್ರಿಡ್ ಸ್ಪೇನ್‌ನಲ್ಲಿದೆ ಅನ್ನೋಕೂ ಎಸ್ತಾರೇ ಬೇಕು. ನನಗೆ ಕೈ ಹಿಡಿದದ್ದು ಕನ್ನಡವೇ. "ನಾನು ಡಾಕ್ಟರ್" ಅನ್ನುವಾಗ ನಾವು "ಇದ್ದೀನಿ" ಸೇರಿಸಲ್ಲ, ಅಲ್ಲಿ ಸೆರ್. "ಮನೇಲಿದ್ದೀನಿ", "ಕಾಫಿ ತಣ್ಣಗಿದೆ", ಇಲ್ಲಿ "ಇರು" ಬಂತು, ಎಸ್ತಾರ್. ಎಲ್ಲಾ ಕಡೆ ಇದು ನಡೆಯಲ್ಲ. "ಗೋಡೆ ಬೆಳ್ಳಗಿದೆ" ಅಂತೀವಿ, ಆದರೆ ಗೋಡೆಯ ಬಣ್ಣ ಯಾವುದು ಅಂತ ಹೇಳಲು ಅವರು ಸೆರ್ ಬಳಸುತ್ತಾರೆ. ಆದರೂ ಶುರುವಿಗೆ ಸಾಕು.

ಯಾವ ಆ್ಯಪ್ ಅಂದರೆ, ಯಾವುದಾದರೂ ಸರಿ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಇವತ್ತು ರಾತ್ರಿ ಆ 200 ವಾಕ್ಯದಲ್ಲಿ ಪ್ರಶ್ನೆಗಳನ್ನು ಮಾತ್ರ ಆರಿಸಿ. ಒಂದೊಂದರ ಕೆಳಗೂ ನಿಮ್ಮ ಉತ್ತರ ಬರೆಯಿರಿ, ತಿರುಗಿದ ಅಕ್ಷರಕ್ಕೆ ಸುತ್ತು ಹಾಕಿ. "ಸೆ ಕೆದಾ" ಕೆಳಗೆ "ಮೆ ಕೆದೊ." ಗಟ್ಟಿಯಾಗಿ ಓದಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ನಾನು ನೋಡ್ತೀನಿ.