ಹೋಗಿ ನೋಡಿದ ಮೇಲೆ ನಿರಾಸೆ ಮೂಡಿಸುವ, ಅತಿಯಾಗಿ ಹೊಗಳಿಸಿಕೊಂಡ ಪ್ರವಾಸಿ ತಾಣ ಯಾವುದು?

ನಾನು ಚಿಕ್ಕಬಳ್ಳಾಪುರದಲ್ಲೇ ಹುಟ್ಟಿ ಬೆಳೆದವನು. ಇಂಥ ಪ್ರಶ್ನೆಗೆ ನಮ್ಮದೇ ನಂದಿ ಬೆಟ್ಟದ ಹೆಸರು ಹೇಳಿದರೆ ಊರಿನವರು ಬೈದುಕೊಂಡಾರು, ಆದರೂ ಹೇಳುತ್ತೇನೆ. ಬೆಟ್ಟದ ಮೇಲೆ ನನಗೆ ಪ್ರೀತಿಯೇ ಇದೆ. ನನ್ನ ತಕರಾರು ಇರುವುದು ಭಾನುವಾರ ಬೆಳಗಿನ ಜಾವ ಅದರ ನೆತ್ತಿಯ ಮೇಲೆ ನಿಂತು ನೋಡಬೇಕೆಂದು ಎಲ್ಲರೂ ಹಂಬಲಿಸುವ ಸೂರ್ಯೋದಯದ ಬಗ್ಗೆ.

ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಶನಿವಾರ ರಾತ್ರಿ, ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಗಂಡ ಮತ್ತು ಇಬ್ಬರು ಮಕ್ಕಳೊಂದಿಗೆ ನಮ್ಮ ಮನೆಗೆ ಬಂದು ತಂಗಿದಳು. ಅವಳ ಮೊಬೈಲಿನಲ್ಲಿ ಒಂದು ಚಿತ್ರವಿತ್ತು: ಕೆಳಗೆಲ್ಲ ಹಾಲು ಚೆಲ್ಲಿದಂತೆ ಹರಡಿದ ಮೋಡ, ಅದರಂಚಿನಲ್ಲಿ ಕೆಂಪು ಸೂರ್ಯ, ಬಂಡೆಯ ತುದಿಯಲ್ಲಿ ಬೆನ್ನು ಹಾಕಿ ನಿಂತ ಒಬ್ಬನೇ ಒಬ್ಬ ಮನುಷ್ಯ. "ಅಣ್ಣ, ಇದೊಂದು ಸಿಕ್ಕಿದರೆ ಸಾಕು" ಎಂದಳು. ನಮ್ಮ ಮನೆಯಿಂದ ಬೆಟ್ಟದ ಬುಡ ಅರ್ಧ ಗಂಟೆಯ ದಾರಿಯೂ ಅಲ್ಲ. ನಾಲ್ಕೂವರೆಗೆ ಹೊರಟೆವು. ಬುಡ ತಲುಪುವ ಮೊದಲೇ ಮುಂದಿನ ವಾಹನಗಳ ಕೆಂಪು ದೀಪಗಳು ತಿರುವಿನಾಚೆಗೂ ಸಾಲುಗಟ್ಟಿದ್ದವು. ಮಕ್ಕಳು ಸ್ವೆಟರಿನೊಳಗೆ ಮುದುಡಿ ಮತ್ತೆ ಮಲಗಿದವು. ಫ್ಲಾಸ್ಕ್ ಹಿಡಿದ ಹುಡುಗನೊಬ್ಬ ಕಾರಿನ ಗಾಜು ತಟ್ಟಿ ಟೀ ಕೊಟ್ಟು ಹೋದ, ಇಪ್ಪತ್ತು ನಿಮಿಷದ ಮೇಲೆ ಅವನೇ ಮತ್ತೆ ಬಂದ. ಆ ನಡುವೆ ನಾವು ಮುಂದೆ ಸರಿದಿದ್ದು ನಾಲ್ಕು ಮಾರು ಇರಬಹುದು. ಕೊನೆಗೆ ಅಂದಿನ ಸೂರ್ಯ ನಮ್ಮ ಪಾಲಿಗೆ ಹುಟ್ಟಿದ್ದು ಮುಂದೆ ನಿಂತಿದ್ದ ಟೆಂಪೋ ಟ್ರಾವೆಲರ್‌ನ ಹಿಂಬದಿಯ ಗಾಜಿನಲ್ಲಿ.

ಮೇಲೆ ತಲುಪಿದಾಗ ಏಳೂವರೆ. ಕಂಬಿಯ ಬಳಿ ಮೂರು ಸಾಲು ಜನ, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಮೊಬೈಲು, ಅದರಾಚೆ ಸುಣ್ಣ ಬಳಿದ ಗೋಡೆಯಂತೆ ಬರೀ ಬಿಳುಪು. ಚಿಕ್ಕವನ ಕೈಯಿಂದ ಕ್ರೀಂ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡ ಕೋತಿಯೊಂದು ಕಟ್ಟೆಯ ಮೇಲೆ ಕುಳಿತು, ಒಂದೊಂದನ್ನೇ ಬಿಡಿಸಿ, ಕ್ರೀಮನ್ನಷ್ಟೇ ನೆಕ್ಕಿ, ಬಿಸ್ಕತ್ತನ್ನು ಬಿಸಾಡಿತು. ಅಂದಿನ ಪ್ರವಾಸದಲ್ಲಿ ಮಕ್ಕಳು ಇಂದಿಗೂ ನೆನೆಸಿಕೊಳ್ಳುವುದು ಅದೊಂದನ್ನೇ.

ಮೊಬೈಲಿನ ಆ ಚಿತ್ರ ಸುಳ್ಳಲ್ಲ. ಮಳೆಗಾಲ ಮುಗಿದು ಚಳಿ ಹಿಡಿಯುವ ದಿನಗಳಲ್ಲಿ, ಗಾಳಿಯಿಲ್ಲದೆ ಆಕಾಶ ತೆರವಾಗಿರುವ ರಾತ್ರಿ ನೆಲ ಬೇಗ ತಣಿಯುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿಗಿಳಿದು, ಕೆರೆ ತೋಟಗಳ ತೇವದೊಡನೆ ಮಂಜಾಗಿ ನಿಲ್ಲುತ್ತದೆ. ಆ ಪದರ ಬೆಟ್ಟದ ನೆತ್ತಿಗಿಂತ ಕೆಳಗೆ ನಿಂತರೆ ಮೇಲಿರುವವರಿಗೆ ಮೋಡದ ಕಡಲು ಕಾಣುತ್ತದೆ. ಇನ್ನಷ್ಟು ಮೇಲೇರಿತೆಂದರೆ ಅದೇ ಜನ ಮಂಜಿನೊಳಗೆ ನಿಂತು ಪಕ್ಕದವರ ಮುಖ ಹುಡುಕಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಮೋಡ ಬೆಟ್ಟದ ಮೇಲೆಯೇ ಕುಳಿತಿರುವುದು ಹೆಚ್ಚು, ಬೇಸಿಗೆಯಲ್ಲಿ ದೂರದ್ದೆಲ್ಲ ಧೂಳಿನ ಮಸುಕಿನಲ್ಲಿ ಅಡಗಿರುತ್ತದೆ. ಹೊತ್ತಿನ ಲೆಕ್ಕವೂ ಒಂದಿದೆ. ನಮ್ಮ ಭಾಗದಲ್ಲಿ ಮೇ ಕೊನೆಯ ವೇಳೆಗೆ ಸೂರ್ಯ ಹುಟ್ಟುವುದು ಸುಮಾರು 5.50ಕ್ಕೆ, ಜನವರಿಯಲ್ಲಿ ಸುಮಾರು 6.45ಕ್ಕೆ, ಅಂದರೆ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ಬಂದವರು ಇನ್ನೂ ಟಿಕೆಟ್ ಸಾಲಿನಲ್ಲಿ ನಿಂತಿರುವಾಗಲೇ ಬೆಳಗಾಗಿರುತ್ತದೆ. ಮಂಜು ಸರಿಯಾದ ಎತ್ತರದಲ್ಲಿ ನಿಲ್ಲಬೇಕು, ಆಕಾಶ ತೆರೆದಿರಬೇಕು, ನೀವು ಹೊತ್ತಿಗೆ ಸರಿಯಾಗಿ ಮೇಲಿರಬೇಕು. ಇವು ಮೂರೂ ಕೂಡಿ ಬರುವ ದಿನ, ಅದೂ ಭಾನುವಾರವೇ ಆಗಿರುವ ದಿನ, ವರ್ಷಕ್ಕೆ ಎಷ್ಟು ಸಿಕ್ಕೀತು?

1,478 ಮೀಟರ್ ಎತ್ತರದ ಈ ಬೆಟ್ಟ ಬೆಂಗಳೂರಿನಿಂದ 60 ಕಿಲೋಮೀಟರ್ ದೂರದಲ್ಲಿರುವುದೇ ಅದಕ್ಕೆ ಶಾಪವಾಗಿದೆ. ಅಷ್ಟು ದೊಡ್ಡ ನಗರದ ರಜೆಯ ಬೆಳಗೆಲ್ಲ ಒಂದು ಕಿರಿದಾದ ಘಾಟಿ ರಸ್ತೆಯ ಮೇಲೆ ಬಂದು ಬೀಳುತ್ತದೆ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ಆ ರಸ್ತೆಯೇ ಕೊಚ್ಚಿಹೋದಾಗ ಬೆಟ್ಟಕ್ಕೆ ತಿಂಗಳುಗಟ್ಟಲೆ ಪ್ರವೇಶವಿರಲಿಲ್ಲ. ಬೆಟ್ಟಕ್ಕೂ ಒಂದಿಷ್ಟು ರಜೆ ಸಿಕ್ಕಿತು ಎಂದು ನಾವು ಕೆಲವರು ಮಾತನಾಡಿಕೊಂಡಿದ್ದುಂಟು.

ಯೋಚಿಸಿ ನೋಡಿದರೆ, ಈ ಬೆಟ್ಟಕ್ಕೆ ಹೆಸರು ತಂದವರು ಯಾರೂ ಎರಡು ಗಂಟೆಯ ಮಟ್ಟಿಗೆ ಬಂದು ಹೋದವರಲ್ಲ. ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲೆಂದು ಇಲ್ಲೊಂದು ಮನೆ ಕಟ್ಟಿಸಿದ್ದರು. ಆರೋಗ್ಯ ಕೆಟ್ಟಿದ್ದ ಗಾಂಧೀಜಿ 1927ರಲ್ಲಿ ಹಲವು ವಾರಗಳ ಕಾಲ ಇಲ್ಲಿ ವಿಶ್ರಾಂತಿ ಪಡೆದರು, 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಶೃಂಗಸಭೆ ನಡೆದಾಗ ನೆರೆದೇಶಗಳ ನಾಯಕರನ್ನೂ ಇಲ್ಲಿಗೆ ಕರೆತಂದಿದ್ದರು. ಇದು ತಂಗುವ ಬೆಟ್ಟ. ಮಧ್ಯಾಹ್ನದ ಬಿಸಿಲಲ್ಲೂ ಮರಗಳ ಕೆಳಗೆ ತಂಪಾಗಿರುತ್ತದೆ, ಅಮೃತ ಸರೋವರದ ಮೆಟ್ಟಿಲ ಮೇಲೆ ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಮುಟ್ಟಿ ಬಂದರೆ ಸಾಕೆನ್ನುವವರಿಗೆ ಇದು ತನ್ನಲ್ಲಿರುವುದನ್ನು ತೋರಿಸುವುದೇ ಇಲ್ಲ.

ನಮ್ಮ ಸುತ್ತಿನ ಇನ್ನೆರಡು ಜಾಗಗಳನ್ನೂ ಹೇಳಿಬಿಡುತ್ತೇನೆ. ಸಿನಿಮಾ ನೋಡಿ ಕೋಲಾರದ ಚಿನ್ನದ ಗಣಿಗೆ ಹೊರಡುವವರು, ಆ ಗಣಿ 2001ರ ಫೆಬ್ರವರಿ 28ರಂದೇ ಮುಚ್ಚಿತೆಂಬುದನ್ನು ತಿಳಿದು ಹೊರಡಬೇಕು. 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಸುರಂಗಗಳಲ್ಲಿ ಒಂದನ್ನೂ ನೀವು ಇಳಿಯಲಾರಿರಿ, ಕಾಣುವುದು ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಮತ್ತು ಕೆಲಸ ಹೋದ ಮೇಲೂ ಅಲ್ಲೇ ಉಳಿದವರ ಮನೆಗಳು. ತುಮಕೂರಿನ ದೇವರಾಯನದುರ್ಗದ ಬಳಿಯ ನಾಮದ ಚಿಲುಮೆಗೆ ಜಲಪಾತ ನೋಡುವ ಹುಮ್ಮಸ್ಸಿನಲ್ಲಿ ಹೋಗಬೇಡಿ. ಅದು ಹಣೆಗೆ ನಾಮವಿಡಲು ನೀರು ಬೇಕಾಗಿ ಶ್ರೀರಾಮ ಬಾಣ ಬಿಟ್ಟು ಚಿಮ್ಮಿಸಿದನೆಂಬ ಕಥೆಯಿರುವ, ಬಂಡೆಯಲ್ಲಿನ ಪುಟ್ಟ ಒರತೆ. ನಾಮಕ್ಕೆ ಎಷ್ಟು ನೀರು ಬೇಕೋ ಅಷ್ಟೇ ಇದೆ.

ಮತ್ತೆ ನಂದಿಗೆ ಬರುತ್ತೇನೆ, ಏಕೆಂದರೆ ನಿಜವಾಗಿ ನೋಡಬೇಕಾದದ್ದು ಬೆಟ್ಟದ ಬುಡದ ನಂದಿ ಗ್ರಾಮದಲ್ಲಿದೆ, ಮತ್ತು ಮೇಲೆ ಹೋಗುವ ಅವಸರದಲ್ಲಿ ಎಷ್ಟೋ ವಾಹನಗಳು ಅದರತ್ತ ತಿರುಗುವುದೇ ಇಲ್ಲ. ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನದಷ್ಟು ಹಳೆಯದು. ನೊಳಂಬ ಅರಸರ ಕಾಲದಲ್ಲಿ ಮೊದಲಾದದ್ದಕ್ಕೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರಂತೆ ಸೇರಿಸುತ್ತ ಬಂದರು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಅವಳಿ ಗುಡಿಗಳ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ. ಅದರ ಮುಂದಿನ ಕಲ್ಯಾಣ ಮಂಟಪದ ಕರಿಗಲ್ಲಿನ ಕಂಬಗಳಲ್ಲಿ ಬಳ್ಳಿಗಳನ್ನೂ ಗಿಳಿಗಳನ್ನೂ ಎಷ್ಟು ನಯವಾಗಿ ಬಿಡಿಸಿದ್ದಾರೆಂದರೆ, ಬೆರಳಾಡಿಸದೆ ಮುಂದೆ ಹೋಗಲು ನನ್ನಿಂದ ಇಂದಿಗೂ ಆಗಿಲ್ಲ, ಮುಟ್ಟಬಾರದೆಂದು ತಿಳಿದಿದ್ದರೂ. ಹಿರಿಯರ ಪ್ರಕಾರ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ. ತೇರು, ಜಾತ್ರೆಗಳ ಸಡಗರವೆಲ್ಲ ಕೆಳಗಿನ ಗುಡಿಗೇ. ಪಕ್ಕದ ಬಾಗಿಲು ದಾಟಿದರೆ ಶೃಂಗಿ ತೀರ್ಥವೆಂಬ ಕಲ್ಯಾಣಿ, ನಾಲ್ಕೂ ಕಡೆ ಮೆಟ್ಟಿಲು. ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿ ಪಾರಿವಾಳಗಳ ರೆಕ್ಕೆಯ ಸದ್ದು ಬಿಟ್ಟರೆ ಮತ್ತೊಂದಿಲ್ಲ.

ಬೆಟ್ಟವನ್ನೂ ಹತ್ತಲೇಬೇಕೆಂದಿದ್ದರೆ ವಾರದ ನಡುವಿನ ಒಂದು ದಿನ, ತಿಂಡಿ ಮುಗಿಸಿ ನಿಧಾನವಾಗಿ ಹೊರಡಿ, ಮೇಲಿನ ಗೇಟು ಮುಚ್ಚುವ ವೇಳೆಯನ್ನು ಮೊದಲೇ ಕೇಳಿಕೊಂಡಿರಿ, ಇಳಿದು ಬಂದ ಮೇಲೆ ಗುಡಿಗೆ ಒಂದು ಗಂಟೆಯಾದರೂ ಉಳಿಸಿಕೊಳ್ಳಿ. ದ್ರಾಕ್ಷಿಯ ಕಾಲವಾಗಿದ್ದರೆ ರಸ್ತೆಯ ಬದಿಯಲ್ಲಿ ನಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಸಿಗುತ್ತದೆ, ಸಿಪ್ಪೆ ದಪ್ಪ, ಬೀಜ ಉಂಟು, ರುಚಿ ಮಾತ್ರ ಬೇರೆಲ್ಲೂ ಇಲ್ಲ; ಕೊಳ್ಳುವುದಿದ್ದರೆ ಬೆಟ್ಟ ಇಳಿದ ಮೇಲೆ ಕೊಳ್ಳಿ, ಕೋತಿಗಳಿಗೆ ಅದೂ ಇಷ್ಟ.