ಕಲ್ಲಿನ ಮನೆಗೆ ಮಣ್ಣಿನ ಮಾಳಿಗೆ ಏಕೆ?

ಪ್ರಶ್ನೆ: ಬಾದಾಮಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮುತ್ತಜ್ಜನ ಕಾಲದ ಕಲ್ಲಿನ ಮನೆಯಿದೆ. ಗೋಡೆ ಎರಡೂವರೆ ಅಡಿ ದಪ್ಪ, ಕಿಟಕಿ ಒಂದೂ ಇಲ್ಲ. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ. ಹೀಗೆ ಕಟ್ಟಲು ಕಾರಣವೇನು? ಮಣ್ಣಿನ ಮಾಳಿಗೆ ಈಚೆಗೆ ಸೋರುತ್ತಿದೆ. ಅದರ ಮೇಲೆ ಸಿಮೆಂಟ್ ಹಾಕಿಸಬಹುದೇ?

ಉತ್ತರ: ದಯವಿಟ್ಟು ಸಿಮೆಂಟ್ ಹಾಕಿಸಬೇಡಿ. ಆ ಸೀಮೆಯ ಹಳೆಯ ಮನೆಗಳಲ್ಲಿ ಮರಳುಗಲ್ಲಿನ ಗೋಡೆಯೂ ಮಣ್ಣಿನ ಮಾಳಿಗೆಯೂ ಒಂದಕ್ಕೊಂದು ಹೊಂದಿಕೊಂಡೇ ಬಾಳಿವೆ. ಒಳಮೈಗೊಂದು, ಹೊರಮೈಗೊಂದು ಸಾಲು ಕಲ್ಲು ಕಟ್ಟಿ ನಡುವೆ ಚಕ್ಕೆಗಲ್ಲು, ಕೆಸರು ತುಂಬುತ್ತಿದ್ದುದರಿಂದ ಗೋಡೆ ಅಷ್ಟು ದಪ್ಪವಾಯಿತು. ಬೇಸಿಗೆಯ ಕಾವು ಅದನ್ನು ಹಾದು ಒಳಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಕಿಟಕಿ ಬಿಡದಿರುವುದಕ್ಕೆ ಬಿಸಿಗಾಳಿಯ ಜೊತೆಗೆ ಕಳ್ಳರ ಭಯವೂ ಕಾರಣ. ಬೆಳಕು ಬರುವುದು, ಒಲೆಯ ಹೊಗೆ ಹೋಗುವುದು ಮಾಳಿಗೆಯ ಬೆಳಕಿಂಡಿಯಿಂದ. ದನಗಳೇ ಆಸ್ತಿಯಾಗಿದ್ದ ಒಕ್ಕಲು ಮನೆತನಗಳು ಅವನ್ನು ಬಾಗಿಲ ಒಳಗೇ ಕಟ್ಟಿಕೊಂಡವು. ಸಾಮಾನ್ಯವಾಗಿ ದನದ ಅಂಕಣ ತಗ್ಗಿನಲ್ಲಿದ್ದು, ಎತ್ತರದ ಪಡಸಾಲೆಯ ಅಂಚಿಗೇ ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಇರುತ್ತದೆ. ಮೇವು ಹಾಕಲು ಕೆಳಗಿಳಿಯಬೇಕಿಲ್ಲ, ಗಂಜಲ ಮೇಲೇರುವುದಿಲ್ಲ.

ಮಾಳಿಗೆಯ ಭಾರವನ್ನು ಬಹುಮಟ್ಟಿಗೆ ಮರದ ಕಂಬಗಳು ಹೊರುತ್ತವೆ. ಕಂಬದ ತಲೆಯ ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಕೊನೆಗೆ ಮಣ್ಣು. (ಚಾಲುಕ್ಯರ ಕಾಲದ, ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆಯಲ್ಲಿ ಚಪ್ಪಡಿಗಳ ಸಂದಿಗೆ ತೊಲೆಯಂತಹ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊದಿಸಿರುವುದನ್ನು ನೋಡಿದರೆ, ಮರದ ಮಾಳಿಗೆಯ ರೂಢಿ ಈ ಸೀಮೆಯಲ್ಲಿ ಎಷ್ಟು ಹಳೆಯದೆಂದು ಊಹಿಸಬಹುದು.) ಮೇಲ್ಪದರದ ಬಿಳಿಯ ಸವಳು ಮಣ್ಣು ನೆನೆದಾಗ ಅದರ ನುಣ್ಣನೆಯ ಕಣಗಳು ಬಿಚ್ಚಿಕೊಂಡು ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿ ನೀರನ್ನು ತಡೆಯುತ್ತವೆ. ಸಿಮೆಂಟಿಗೆ ಈ ಗುಣವಿಲ್ಲ. ಮರ, ಮಣ್ಣು ಹಿಗ್ಗಿ ಕುಗ್ಗುವಾಗ ಅದು ಬಿರುಕು ಬಿಡುತ್ತದೆ; ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಜಂತಿಗಳನ್ನು ಕೊಳೆಸುತ್ತದೆ.

ಮುಂಗಾರಿಗೆ ಮುನ್ನ ಮಾಳಿಗೆಯ ಹುಲ್ಲನ್ನು ಬೇರುಸಹಿತ ಕೀಳಿಸಿ, ಹಳೆಯ ಮಣ್ಣನ್ನು ಕೆರೆದು ತೆಗೆಸಿ, ಹೊಸ ಸವಳು ಮಣ್ಣು ಹಾಕಿಸಿ. ಕೆರೆಯದೆ ವರ್ಷ ವರ್ಷವೂ ಹೇರುತ್ತ ಹೋದರೆ ತೊಲೆ ಬಾಗುತ್ತದೆ; ಗಟ್ಟಿಮುಟ್ಟಾದ ಮನೆಗಳು ಇಷ್ಟೇ ಅಲಕ್ಷ್ಯಕ್ಕೆ ಕುಸಿಯುವುದು ನಿಜಕ್ಕೂ ನೋವಿನ ಸಂಗತಿ. ನೀರು ಹೊರಬೀಳುವ ದೋಣಿಗಳತ್ತ ಇಳಿಜಾರು ಸರಿಯಿರಲಿ. ಮಣ್ಣು ತೆಗೆದಾಗಲೇ ಗೋಡೆಯೊಳಗೆ ಸೇರಿರುವ ಜಂತಿಗಳ ತುದಿಯನ್ನು ಅನುಭವಿ ಬಡಗಿಯಿಂದ ಚುಚ್ಚಿ ನೋಡಿಸಿ, ಗೆದ್ದಲು ಹಿಡಿದವನ್ನಷ್ಟೇ ಬದಲಿಸಿ.